ರಿಪೇರಿ ಆಮೇಲೆ, ಮೊದ್ಲು ಫೈಲ್ ಎತ್ಕೊಳ್ಳಿ

ಪ್ರಶ್ನೆ: ಸಾರ್, ನಮ್ದು ಶಿರಸೀಲಿ ಸಣ್ಣ ಡಿಟಿಪಿ ಅಂಗಡಿ. ಹೋದ ವಾರ ಮಳೆ ಜೋರಿತ್ತು, ಕಂಪ್ಯೂಟರ್ ಅಪ್‌ಡೇಟ್ ಆಗ್ತಾ ಇರುವಾಗ್ಲೇ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಗಿದೆ. ಈಗ ಆನ್ ಮಾಡಿದ್ರೆ 'ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರ್' ಅಂತ ಬಂದು ಸುತ್ತುತ್ತೆ, ಆಮೇಲೆ ನೀಲಿ ಪರದೆ, ರೀಸ್ಟಾರ್ಟ್ ಒತ್ತಿದ್ರೆ ಮತ್ತೆ ಅದೇ ಕತೆ. ಡೆಸ್ಕ್‌ಟಾಪ್ ಮೇಲೇನೇ ನಾಲ್ಕು ಲಗ್ನಪತ್ರಿಕೆ, ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿದ ಸಂಘದ ವಾರ್ಷಿಕ ವರದಿ ಎಲ್ಲಾ ಇದೆ. ರಿಪೇರಿಯವ್ರು ಫಾರ್ಮ್ಯಾಟ್ ಹೊಡೀಬೇಕು ಅಂತಿದಾರೆ. ವಿಂಡೋಸ್ 11. ಬೇರೆ ದಾರಿ ಇದ್ಯಾ?
- ಓದುಗರು, ಶಿರಸಿ

ಉತ್ತರ: ಇದೆ. ಫಾರ್ಮ್ಯಾಟ್ ಅನ್ನೋದು ರಿಪೇರಿಯವ್ರಿಗೆ ಸುಲಭ, ಅರ್ಧ ದಿನದ ಕೆಲ್ಸ, ನಿಮ್ಮ ಲಗ್ನಪತ್ರಿಕೆ ಹೋದ್ರೆ ಅವ್ರಿಗೇನು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ನೀಲಿ ಪರದೆ ತೋರಿಸಿ ಕೂತವು, ನಮ್ಮ ಏರ್‌ಪೋರ್ಟ್‌ಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ರಲ್ಲ, ಆವಾಗ. ಅದಕ್ಕೆ ಮದ್ದು ಏನಾಗಿತ್ತು ಅಂದ್ರೆ ಸೇಫ್ ಮೋಡ್‌ಗೆ (ಅತ್ಯಗತ್ಯದ್ದು ಮಾತ್ರ ಓಡೋ ಸ್ಥಿತಿಗೆ) ಹೋಗಿ ಒಂದೇ ಒಂದು ಫೈಲ್ ಅಳಿಸೋದು, ಅಷ್ಟೇ. ವಿಂಡೋಸ್ ಏಳ್ತಾ ಇಲ್ಲ ಅಂದ ಮಾತ್ರಕ್ಕೆ ಡಿಸ್ಕ್ ಒಳಗಿರೋದು ಹೋಯ್ತು ಅಂತಲ್ಲ.

ಆದ್ರೆ ಒಂದು ಮಾತು, ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಅಂತ ಸದ್ದು ಬರ್ತಾ ಇದ್ರೆ ಇದ್ಯಾವ್ದೂ ಮಾಡ್ಬೇಡಿ, ಆಫ್ ಮಾಡಿ ಡೇಟಾ ರಿಕವರಿ ಗೊತ್ತಿರೋರ ಹತ್ರ ಒಯ್ಯಿರಿ.

ಸದ್ದಿಲ್ಲ ಅಂದ್ರೆ ಮೊದ್ಲು ಫೈಲ್ ಎತ್ಕೊಳ್ಳೋಣ. ಆ ನೀಲಿ ಪರದೇಲಿ ಅಡ್ವಾನ್ಸ್ಡ್ ಆಪ್ಷನ್ಸ್, ಆಮೇಲೆ ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿ ಕಮಾಂಡ್ ಪ್ರಾಂಪ್ಟ್ ಒತ್ತಿ (ಡಿಸ್ಕ್‌ಗೆ ಬಿಟ್‌ಲಾಕರ್ ಅನ್ನೋ ಬೀಗ ಬಿದ್ದಿದ್ದು 48 ಅಂಕಿಯ ಕೀ ಕೇಳಿದ್ರೆ ಕೆಳಗೆ ದಾವಣಗೆರೆಯವ್ರಿಗೆ ಕೊಟ್ಟ ಉತ್ತರ ಓದಿ ಬನ್ನಿ). ಕಪ್ಪು ಕಿಟಕಿ ಬರುತ್ತೆ, ಹೆದರ್ಬೇಡಿ, ಇಂಗ್ಲಿಷಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ ಎಂಟರ್. ಹೌದು, ನಮ್ಮ ಅದೇ ನೋಟ್‌ಪ್ಯಾಡ್. ಅದ್ರಲ್ಲಿ ಫೈಲ್, ಓಪನ್ ಅಂತ ಹೋಗಿ, ಕೆಳಗಡೆ 'ಆಲ್ ಫೈಲ್ಸ್' ಅಂತ ಬದಲಾಯಿಸಿ, ಇಲ್ದಿದ್ರೆ ಬರೀ ಟೆಕ್ಸ್ಟ್ ಫೈಲ್ ಮಾತ್ರ ಕಾಣಿಸಿ ಅಯ್ಯೋ ಎಲ್ಲಾ ಹೋಯ್ತು ಅಂತ ಎದೆ ಧಸಕ್ ಅನ್ಸುತ್ತೆ. ಎಡಗಡೆ ದಿಸ್ ಪಿಸಿ ಒತ್ತಿದ್ರೆ ಡ್ರೈವ್‌ಗಳು ಬರ್ತವೆ. ಇಲ್ಲಿ ಸಿ ಡ್ರೈವ್ ಸಿ ಆಗೇ ಇರ್ಬೇಕು ಅಂತಿಲ್ಲ, ಡಿ ನೋ ಇ ನೋ ಆಗಿರ್ಬಹುದು, ಯೂಸರ್ಸ್ ಅನ್ನೋ ಫೋಲ್ಡರ್ ಎಲ್ಲಿದೆ ನೋಡಿ, ಅದ್ರೊಳಗೆ ನಿಮ್ಮ ಹೆಸರು, ಅದ್ರೊಳಗೆ ಡೆಸ್ಕ್‌ಟಾಪ್. ಅದು ಖಾಲಿ ಕಂಡ್ರೆ ಪಕ್ಕದ ಒನ್‌ಡ್ರೈವ್ ಫೋಲ್ಡರ್ ಒಳಗೂ ಒಂದು ಡೆಸ್ಕ್‌ಟಾಪ್ ಇರುತ್ತೆ, ನೋಡಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ, ಪೆನ್ ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟಾಯ್ತು ಅಂತ ತೋರಿಸೋ ಹಸಿರು ಪಟ್ಟಿ ಇಲ್ಲಿ ಬರಲ್ಲ, ಹ್ಯಾಂಗ್ ಆದ ಹಾಗೆ ಕಾಣುತ್ತೆ, ಸುಮ್ನೆ ಬಿಟ್ಟು ಒಂದು ಚಹಾ ಕುಡ್ಕೊಂಡು ಬನ್ನಿ.

ನುಡಿ ಫೈಲ್ ಅಂದ್ರಲ್ಲ, ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾದ್ರೆ ಬೇರೆ ಕಂಪ್ಯೂಟರ್‌ನಲ್ಲಿ ಓಪನ್ ಮಾಡಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಫೈಲ್ ಕೆಟ್ಟಿಲ್ಲ, ಅಲ್ಲಿ ಫಾಂಟ್ ಇಲ್ಲ ಅಷ್ಟೇ, ನುಡಿ ಹಾಕ್ಕೊಂಡ್ರೆ ಸರಿ ಹೋಗುತ್ತೆ.

ಫೈಲ್ ಕೈಗೆ ಬಂತಾ, ಇನ್ನು ಧೈರ್ಯವಾಗಿ ರಿಪೇರಿ. ನಿಮ್ದು ಅಪ್‌ಡೇಟ್ ಅರ್ಧಕ್ಕೆ ನಿಂತ ಕೇಸು, ಹಾಗಾಗಿ ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒಳಗೆ ಲೇಟೆಸ್ಟ್ ಕ್ವಾಲಿಟಿ ಅಪ್‌ಡೇಟ್ ತೆಗೀರಿ, ಬಹಳ ಸಲ ಇಷ್ಟಕ್ಕೇ ಎದ್ದು ಕೂರುತ್ತೆ. ಆಗ್ಲಿಲ್ವಾ, ಸ್ಟಾರ್ಟಪ್ ರಿಪೇರ್, ಅದೂ ಕೈ ಕೊಟ್ರೆ ಸಿಸ್ಟಮ್ ರಿಸ್ಟೋರ್, ಅಂದ್ರೆ ವಿಂಡೋಸನ್ನ ಹಿಂದೆ ಸರಿ ಇದ್ದ ಸ್ಥಿತಿಗೆ ತಿರುಗಿಸೋದು. ಕೊನೇದು ರಿಸೆಟ್ ದಿಸ್ ಪಿಸಿ. ಅದ್ರಲ್ಲಿ 'ಕೀಪ್ ಮೈ ಫೈಲ್ಸ್' ಅಂತ ಇದೆ, ಅಲ್ಲೇ ಜನ ಏಮಾರೋದು, ಫೈಲ್ ಉಳಿಯುತ್ತೆ ನಿಜ, ಆದ್ರೆ ನೀವು ಹಾಕಿದ ಪ್ರೋಗ್ರಾಂ ಒಂದೂ ಉಳಿಯಲ್ಲ, ಪೇಜ್‌ಮೇಕರ್, ಕೋರೆಲ್ ಡ್ರಾ, ನುಡಿ ಎಲ್ಲಾ ಮತ್ತೆ ಹಾಕ್ಬೇಕು. ಪೇಜ್‌ಮೇಕರ್ ಸಿಡಿ ಎಲ್ಲಿದೆ ಅಂತ ಮೊದ್ಲೇ ಹುಡುಕಿಟ್ಕೊಳ್ಳಿ.

ಮತ್ತೆ ಆ ಯುಪಿಎಸ್. ಅಂಗಡಿಗಳಲ್ಲಿರೋ ಸಣ್ಣ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರೋದು 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ, ಎಲ್ಲಾ ಕಡೆ ಸಿಗುತ್ತೆ, ಹೊಸ ಯುಪಿಎಸ್ಸೇ ತಗೋಬೇಕು ಅಂತಿಲ್ಲ. ಮುಂದಿನ ಮಳೆಗಾಲದ ಒಳಗೆ ಹಾಕ್ಸಿ ಮಾರಾಯ್ರೆ.

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಬಯೋಸ್ ಅಪ್‌ಡೇಟ್ ಮಾಡಿದೆ, ಈಗ ಆನ್ ಮಾಡಿದ್ರೆ ಬಿಟ್‌ಲಾಕರ್ ರಿಕವರಿ ಕೀ ಕೇಳ್ತಿದೆ. ನಾನು ಯಾವ ಕೀನೂ ಹಾಕೇ ಇಲ್ಲ. ವೈರಸ್ಸಾ?
- ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ವೈರಸ್ ಅಲ್ಲಮ್ಮ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆದ್ರೆ ಡಿಸ್ಕ್‌ಗೆ ತಾನಾಗೇ ಬಿಟ್‌ಲಾಕರ್ ಬೀಗ ಬೀಳೋದುಂಟು, ಬಯೋಸ್ (ಯಂತ್ರ ಆನ್ ಆದಾಗ ಮೊದ್ಲು ಓಡೋ ಪ್ರೋಗ್ರಾಂ) ಬದಲಾದಾಗ ಯಂತ್ರಕ್ಕೆ ಅನುಮಾನ ಬಂದು ಕೀ ಕೇಳುತ್ತೆ. ಫೋನ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ, ಡಿವೈಸಸ್ ಒಳಗೆ 48 ಅಂಕಿಯ ಕೀ ಇರುತ್ತೆ. ಒಂದಕ್ಕಿಂತ ಹೆಚ್ಚಿದ್ರೆ ಪರದೆ ಮೇಲಿನ ಕೀ ಐಡಿಯ ಮೊದಲ 8 ಅಕ್ಷರ ಹೊಂದಿಸಿ ನೋಡಿ. ಅಲ್ಲೂ ಇಲ್ಲ ಅಂದ್ರೆ, ಲ್ಯಾಪ್‌ಟಾಪ್ ತಗೊಂಡ ದಿನ ಸೆಟಪ್ ಮಾಡಿ ಕೊಟ್ಟೋರು ಯಾರು ಅಂತ ನೆನಪಿಸ್ಕೊಳ್ಳಿ. ಅಂಗಡಿ ಹುಡುಗ ತನ್ನ ಇಮೇಲ್ ಹಾಕೇ ಮಾಡಿರ್ತಾನೆ, ಕೀ ಅವನ ಅಕೌಂಟಲ್ಲಿ ಕೂತಿರುತ್ತೆ. ಫಾರ್ಮ್ಯಾಟ್ ಮಾಡ್ಸೋ ಮುಂಚೆ ಅವನಿಗೊಂದು ಫೋನ್ ಹಾಕಿ, ಯಾಕಂದ್ರೆ ಕೀ ಕಳೆದುಹೋದ್ರೆ ಮೈಕ್ರೋಸಾಫ್ಟ್‌ನವ್ರೂ ಹೊಸದು ಮಾಡಿಕೊಡಕ್ಕಾಗಲ್ಲ.