ಮಾರ್ಬಲ್ ಕಟ್ಟರ್‌ಗೆ ಎಂಸಿಬಿ, ರಬ್ಬರ್ ಚಪ್ಪಲಿ ಇದ್ದರೆ ಸಾಕಾ?

ಅಂಗಳಕ್ಕೆ ಟೈಲ್ಸ್ ಹಾಕಲು ಮಾರ್ಬಲ್ ಕಟ್ಟರ್ ತಂದಿದ್ದೀರಿ. ಅದರ ಪ್ಲಗ್‌ಗೆ ಎರಡೇ ಪಿನ್, ಅರ್ಥಿಂಗ್ ಇಲ್ಲ. ಮನೆಯಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬೀಳುವ ಸ್ವಿಚ್) ಇದೆ, ರಬ್ಬರ್ ಚಪ್ಪಲಿ ಹಾಕಿಕೊಂಡು ನೀರು ಬಿಡುತ್ತಾ ಕತ್ತರಿಸಿದರೆ ತೊಂದರೆ ಇಲ್ಲ ಅಲ್ವಾ ಅಂತ ಕೇಳಿದ್ದೀರಿ.

ತೊಂದರೆ ಇದೆ. ಆದರೆ ಅದು ಬರುವುದು ಎರಡು ಪಿನ್‌ನಿಂದ ಅಲ್ಲ. ನಾನು ಮನೆ ವೈರಿಂಗ್ ಕೆಲಸ ಮಾಡುವವನು. ಕಟ್ಟಡದ ಕೆಲಸ ನಡೆಯುವ ಕಡೆ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ನೀರು ಸುರಿಯುತ್ತಾ ಓಡಿಸುವ ಈ ಕಟ್ಟರ್ ಬಗ್ಗೆಯೇ.

ಮೊದಲು ಎಂಸಿಬಿ ವಿಷಯ. ಅದು ಇರುವುದು ಗೋಡೆಯೊಳಗಿನ ವೈರ್ ಸುಡದಿರಲಿ ಅಂತ. ಮನುಷ್ಯನನ್ನು ಉಳಿಸುವುದು ಅದರ ಕೆಲಸವೇ ಅಲ್ಲ. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ 16ಕ್ಕಿಂತ ಜಾಸ್ತಿ ಆಂಪಿಯರ್ ಹರಿಯಬೇಕು. ಕೈಕಾಲು ಒದ್ದೆ ಇರುವಾಗ ಮೈಯ ರೆಸಿಸ್ಟೆನ್ಸ್ ಸುಮಾರು 1,000 ಓಮ್ ಅಂತ ಹಿಡಿಯಿರಿ. 230 ವೋಲ್ಟ್ ತಾಗಿದರೆ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್‌ಗೇ ಕೈ ಸೆಟೆದುಕೊಂಡು ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 230 ಅಂದರೆ ಹೃದಯದ ಬಡಿತವೇ ತಪ್ಪಿ ಜೀವ ಹೋಗಬಹುದು. ಎಂಸಿಬಿಯ ಲೆಕ್ಕದಲ್ಲಿ ಅದು ಒಂದು 60 ವ್ಯಾಟ್‌ನ ಹಳೇ ಬಲ್ಬ್ ಉರಿದಷ್ಟೂ ಅಲ್ಲ. ಅದು ಸುಮ್ನೆ ಇರುತ್ತದೆ.

ನಿಮಗೆ ಬೇಕಾದದ್ದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರ್ತಿದೆಯಾ ಅಂತ ಅದು ನೋಡುತ್ತಲೇ ಇರುತ್ತದೆ. ನಿಮ್ಮ ಮೈ ಮೂಲಕ ಸ್ವಲ್ಪ ನೆಲಕ್ಕೆ ಸೋರಿದರೂ ಲೆಕ್ಕ ತಪ್ಪುತ್ತದೆ, ತಕ್ಷಣ ಲೈನ್ ಕಟ್ ಆಗುತ್ತದೆ. 230 ಮಿಲಿಆಂಪಿಯರ್ ಸೋರಿದರೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೇ ಕಟ್ ಆಗಬೇಕು. ಕೊಳ್ಳುವಾಗ 30 ಮಿಲಿಆಂಪಿಯರ್‌ನದ್ದನ್ನೇ ಕೇಳಿ. 100, 300 ಅಂತ ಬರೆದಿರುವವೂ ಅಂಗಡಿಯಲ್ಲಿ ಸಿಗುತ್ತವೆ. ಅವು ಮುಖ್ಯವಾಗಿ ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಆರ್‌ಸಿಸಿಬಿ ಹಾಕಿದ್ದೀವಿ ಅಂತ ಎಂಸಿಬಿ ತೆಗೆಯಬೇಡಿ, ಎರಡೂ ಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ.

ಹಳೇ ಮನೆಗಳಲ್ಲಿ ಇದನ್ನು ಹಾಕಿದ ಕೂಡಲೇ ಪದೇ ಪದೇ ಬೀಳುತ್ತದೆ. ಹೆಚ್ಚಾಗಿ ಎಲ್ಲೋ ಎರಡು ಲೈನ್‌ಗಳ ನ್ಯೂಟ್ರಲ್ ಸೇರಿಕೊಂಡಿರುತ್ತದೆ, ಇಲ್ಲವೇ ನಿಜವಾಗಿಯೂ ಸೋರಿಕೆ ಇರುತ್ತದೆ. ಕಾರಣ ಹುಡುಕಲು ಅರ್ಧ ದಿನ ಬೇಕು. ಅಷ್ಟು ತಾಳ್ಮೆ ಇಲ್ಲದವರು ಬೈಪಾಸ್ ಮಾಡಿ ಹೋಗಿಬಿಡುತ್ತಾರೆ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಡಬ್ಬಿಯಲ್ಲಿ ಆರ್‌ಸಿಸಿಬಿ ಕಾಣುತ್ತದೆ, ಮನೆಯವರು ನಂಬಿಕೊಂಡಿರುತ್ತಾರೆ, ಕರೆಂಟ್ ಮಾತ್ರ ಅದರ ಪಕ್ಕದಿಂದ ಹೋಗುತ್ತಿರುತ್ತದೆ. ಅದರ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತದೆ. ಕೆಲಸ ಶುರು ಮಾಡುವ ಮುಂಚೆ ಒತ್ತಿ. ಟಕ್ ಅಂತ ಬಿದ್ದು, ಕಟ್ಟರ್ ಹಾಕುವ ಸಾಕೆಟ್‌ನಲ್ಲೂ ಕರೆಂಟ್ ನಿಲ್ಲಬೇಕು. ನಿಲ್ಲದಿದ್ದರೆ ಅವತ್ತು ಕಟ್ಟರ್ ಮುಟ್ಟಬೇಡಿ. ಇಡೀ ಮನೆಗೆ ಹಾಕಿಸುವುದು ಈಗ ಆಗದಿದ್ದರೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಆರ್‌ಸಿಸಿಬಿ, ಒಂದು ಎಂಸಿಬಿ, ಒಂದು ಸಾಕೆಟ್ ಕೂರಿಸಿಕೊಡಲು ನಿಮ್ಮ ಎಲೆಕ್ಟ್ರಿಷಿಯನ್‌ಗೆ ಹೇಳಿ. ಕಟ್ಟರ್, ಡ್ರಿಲ್, ಗ್ರೈಂಡರ್ ಎಲ್ಲಕ್ಕೂ ಅದೇ ಆಗುತ್ತದೆ.

ಇನ್ನು ಎರಡು ಪಿನ್. ಕಟ್ಟರ್ ಮೇಲಿನ ಪ್ಲೇಟ್ ನೋಡಿ. ಚೌಕದೊಳಗೆ ಇನ್ನೊಂದು ಚೌಕ ಇದ್ದರೆ ಅದು ಡಬಲ್ ಇನ್ಸುಲೇಷನ್ ಇರುವ ಮಷಿನ್, ಅದಕ್ಕೆ ಅರ್ಥ್ ಬೇಕಿಲ್ಲ. ಆ ಗುರುತು ಇಲ್ಲದೆ, ಲೋಹದ ಬಾಡಿಗೆ ಎರಡು ಪಿನ್ ಇದ್ದರೆ ವಾಪಸ್ ಕೊಟ್ಟುಬಿಡಿ. ಆದರೆ ಡಬಲ್ ಇನ್ಸುಲೇಷನ್ ಕೂಡ ಒಣಗಿದ್ದಾಗ ಮಾತ್ರ ಲೆಕ್ಕಕ್ಕೆ. ಒಬ್ಬರು ಕತ್ತರಿಸುವಾಗ ಇನ್ನೊಬ್ಬರು ಬಾಟಲಿಯಲ್ಲಿ ನೀರು ಸುರಿಯುವುದು ನಮ್ಮ ಕಡೆ ಮಾಮೂಲು. ಆ ನೀರು ಗಾಳಿಯ ತೂತುಗಳಿಂದ ಮೋಟರ್ ಒಳಗೆ ಇಳಿಯುತ್ತದೆ. ಒಳಗೆ ಕಾರ್ಬನ್ ಬ್ರಷ್ ಸವೆದ ಕಪ್ಪು ಪುಡಿ, ಕಲ್ಲಿನ ಧೂಳು ಮೊದಲೇ ಕೂತಿರುತ್ತದೆ. ಅದು ನೆನೆದರೆ ಕರೆಂಟಿಗೆ ದಾರಿ ಆಯಿತು. ನೀರಿನ ಸಣ್ಣ ಪೈಪ್ ಜೋಡಿಸುವ ಮಾಡೆಲ್ ಆದರೆ ಬ್ಲೇಡಿಗೆ ಮಾತ್ರ ಬೀಳುವಷ್ಟು ಬಿಡಿ. ಬರೀ ಒಣ ಕೆಲಸದ ಮಾಡೆಲ್ ಆದರೆ ನೀರು ಬೇಡವೇ ಬೇಡ, ಮಾಸ್ಕ್ ಹಾಕಿಕೊಂಡು ಕತ್ತರಿಸಿ.

ಚಪ್ಪಲಿಯನ್ನು ನಂಬಬೇಡಿ. ಮೊಣಕಾಲೂರಿ ಕೂತರೆ, ಒಂದು ಕೈ ಒದ್ದೆ ಗೋಡೆಗೋ ಕಬ್ಬಿಣದ ಗೇಟಿಗೋ ತಾಗಿದರೆ ಅದಕ್ಕೇನು ಬೆಲೆ? ಬ್ಲೇಡ್ ಜಾರಿದರೆ ಕಾಲಿಗೂ ಅಪಾಯ. ಶೂ ಹಾಕಿ.

ವೈರ್ ಹ್ಯಾಂಡಲ್ ಒಳಗೆ ಹೋಗುವ ಜಾಗವನ್ನು ಬಗ್ಗಿಸಿ ನೋಡಿ. ಸಿಪ್ಪೆ ಬಿರಿಯುವುದು ಹೆಚ್ಚಾಗಿ ಅಲ್ಲೇ. ಟೇಪ್ ಸುತ್ತಬೇಡಿ, ವೈರ್ ಬದಲಾಯಿಸಿ. ಎಕ್ಸ್‌ಟೆನ್ಷನ್‌ಗೆ 1.5 ಸ್ಕ್ವೇರ್ ಎಂಎಂನ ಮೂರು ಕೋರ್ ವೈರ್ ಇರಲಿ. ಸುರುಳಿಯನ್ನು ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಬಿಸಿಯಾಗಿ ಕರಗುತ್ತದೆ. ಜೋಡಣೆ ನೆಲದ ಮೇಲೆ ನೀರಲ್ಲಿ ಬಿದ್ದಿರಬಾರದು. ವೈರ್ ಸುಲಿದು, ಬೆಂಕಿಕಡ್ಡಿ ಚುಚ್ಚಿ ಸಾಕೆಟ್‌ಗೆ ಸಿಕ್ಕಿಸುವುದನ್ನು ಯಾರೇ ಮಾಡಿದರೂ ಬಿಡಬೇಡಿ.

ಮಧ್ಯೆ ಕರೆಂಟ್ ಹೋದರೆ ಕಟ್ಟರ್‌ನ ಸ್ವಿಚ್ ಲಾಕ್ ಬಿಡಿಸಿ, ಪ್ಲಗ್ ಕೀಳಿ. ಹಾಗೇ ನೆಲದ ಮೇಲಿಟ್ಟು ಟೀ ಕುಡಿಯಲು ಹೋದರೆ, ಕರೆಂಟ್ ಬಂದಾಗ ಅದು ತಾನಾಗಿಯೇ ತಿರುಗಲು ಶುರು ಮಾಡುತ್ತದೆ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಅವರನ್ನು ಮುಟ್ಟದೆ ಮೊದಲು ಮೇನ್ ಆಫ್ ಮಾಡಿ, 108ಕ್ಕೆ ಫೋನ್ ಮಾಡಿ. ಮೇನ್ ಎಲ್ಲಿದೆ ಅಂತ ಮನೆಯವರಿಗೆಲ್ಲ ಇವತ್ತೇ ತೋರಿಸಿಡಿ. ನಿಮ್ಮ ಮೀಟರ್ ಪಕ್ಕದ ಡಬ್ಬಿಯ ಫೋಟೋ, ಬರೆದಿರುವ ಅಂಕಿ ಕಾಣುವ ಹಾಗೆ ತೆಗೆದು ಹಾಕಿದರೆ, ಆರ್‌ಸಿಸಿಬಿ ಇದೆಯಾ ಇಲ್ಲವಾ ನೋಡಿ ಹೇಳುತ್ತೇನೆ.