ಬಡ ದೇಶಗಳಲ್ಲಿ ಜೈವಿಕ ಔಷಧಿಗಳು ಕಡಿಮೆ ಬೆಲೆಗೆ ಸಿಗಬೇಕಾದರೆ ಏನು ಮಾಡಬೇಕು?

ಪೇಟೆಂಟ್ ಮುಗಿದರೆ ಬೆಲೆ ತಾನಾಗಿಯೇ ಇಳಿಯುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಮಾತ್ರೆಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಇನ್ಸುಲಿನ್, ಸ್ತನ ಕ್ಯಾನ್ಸರ್‌ಗೆ ಬಳಸುವ ಟ್ರಾಸ್ಟುಜುಮ್ಯಾಬ್‌ನಂಥ ಜೈವಿಕ ಔಷಧಿಗಳ ಕಥೆ ಬೇರೆ. ಇವು ಜೀವಕೋಶಗಳಲ್ಲಿ ತಯಾರಾಗುವ ಪ್ರೋಟೀನ್‌ಗಳು. ಮಾತ್ರೆಯಂತೆ ಸಲೀಸಾಗಿ ನಕಲು ಮಾಡಲು ಆಗುವುದಿಲ್ಲ. ತೀರಾ ಹತ್ತಿರದ್ದನ್ನು ಮಾಡಬಹುದು, ಅದೇ ಬಯೋಸಿಮಿಲರ್. ಆದರೆ ಅದು ಮೂಲ ಔಷಧಿಯಷ್ಟೇ ಕೆಲಸ ಮಾಡುತ್ತದೆ ಎಂದು ತೋರಿಸಬೇಕು. ದುಡ್ಡು ಜಾಸ್ತಿ ಹೋಗುವುದು ಅಲ್ಲೇ.

ನನ್ನ ಪ್ರಕಾರ ಮೊದಲು ಇಳಿಯಬೇಕಾದದ್ದು ಈ ಹೊರೆ. ಲ್ಯಾಬ್‌ನಲ್ಲಿ ಎರಡೂ ಒಂದೇ ಥರ ಎಂದು ಚೆನ್ನಾಗಿ ಸಾಬೀತಾದ ಮೇಲೆ, ನೂರಾರು ರೋಗಿಗಳ ಮೇಲೆ ಸುಮ್ನೆ ಮತ್ತೆ ಪ್ರಯೋಗ ಏಕೆ? ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಈ ಕಡೆಗೇ ವಾಲಿದೆ. ಅದೇ ಸಂಸ್ಥೆ 2019ರಲ್ಲಿ ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್ ಒಂದನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟಿತು. ಸ್ವಂತ ತಪಾಸಣಾ ವ್ಯವಸ್ಥೆ ಗಟ್ಟಿಯಿಲ್ಲದ ದೇಶಗಳು ಇಂಥ ಒಪ್ಪಿಗೆಯನ್ನು ನಂಬಿ ಔಷಧಿ ಕೊಳ್ಳಬಹುದು. ಹಲವು ದೇಶಗಳು ಸೇರಿ ಒಟ್ಟಿಗೆ ಕೊಂಡರೆ ಚೌಕಾಸಿಗೂ ಬಲ ಬರುತ್ತದೆ.

ಬೆಲೆಯೊಂದೇ ತೊಡಕಲ್ಲ. ಜೈವಿಕ ಔಷಧಿಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಟ್ರಾಸ್ಟುಜುಮ್ಯಾಬ್ ಕೊಡುವ ಮೊದಲು ಕ್ಯಾನ್ಸರ್ ಗೆಡ್ಡೆಯಲ್ಲಿ ಎಚ್‌ಇಆರ್2 ಎಂಬ ಪ್ರೋಟೀನ್ ಹೆಚ್ಚಿದೆಯೇ ಎಂಬ ಪರೀಕ್ಷೆ ಆಗಬೇಕು. ಆ ಪರೀಕ್ಷೆಯೇ ಇಲ್ಲದ ಕಡೆ ಔಷಧಿ ಅಗ್ಗವಾದರೂ ಯಾರಿಗೆ ಕೊಡುವುದೆಂದೇ ಗೊತ್ತಾಗುವುದಿಲ್ಲ, ಅಲ್ವಾ?