ಹಾಟ್ ಯೋಗ ಕ್ಲಾಸಲ್ಲಿ ಅಂಟ್ಕೊಂಡಿರೋ ಕೆಟ್ಟ ಅಭ್ಯಾಸಗಳನ್ನ ಬಿಡೋದು ಹೇಗೆ?

ನೀವು ಕೇಳಿರೋದು ಇಷ್ಟು: ಆರು ತಿಂಗಳಿಂದ ಹಾಟ್ ಯೋಗಕ್ಕೆ ಹೋಗ್ತಿದೀರ, ಆಸನದ ಮಧ್ಯೆ ಬೆವರು ಒರೆಸ್ಕೊಳ್ಳೋದು, ಪದೇ ಪದೇ ನೀರು ಕುಡಿಯೋದು, ಕನ್ನಡೀಲಿ ಪಕ್ಕದವ್ರನ್ನ ನೋಡೋದು, ಇವು ಮೂರೂ ಎಷ್ಟು ಗಟ್ಟಿ ಮನಸ್ಸು ಮಾಡಿದ್ರೂ ಬಿಡ್ತಾ ಇಲ್ಲ. ಇವು ಮೂರೂ ನಂಗಿದ್ವು, ಜೊತೆಗೆ ನಾಲ್ಕನೇದೊಂದು ಇತ್ತು, ಅದು ನಂಗೆ ಗೊತ್ತೇ ಇರ್ಲಿಲ್ಲ, ನಿಮಗೂ ಇರಬಹುದು ಅಂತಲೇ ಇಷ್ಟು ಉದ್ದ ಬರೀತಿರೋದು.

ನಾನು ರಾಯಚೂರಿನವಳು, ಈಗ ಇರೋದು ಶಿಕಾಗೋ ಹತ್ರ. ಜನವರಿಲಿ ಹೊರಗಡೆ ಮೈನಸ್ ಹದಿನೈದು ಇದ್ದಾಗ ಸೇರ್ಕೊಂಡಿದ್ದು, ನಿಜ ಹೇಳ್ಬೇಕಂದ್ರೆ ಯೋಗಕ್ಕಲ್ಲ, ಬೆಚ್ಚಗಿರುತ್ತೆ ಅಂತ. ರೂಮ್ 105 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮ ಲೆಕ್ಕದಲ್ಲಿ 40ರ ಮೇಲೆ, ಗಾಳೀಲಿ 40 ಪರ್ಸೆಂಟ್ ತೇವ, 90 ನಿಮಿಷ, ಉಸಿರಾಟದ್ದೂ ಸೇರ್ಸಿ 26ರ ಒಂದೇ ಸರಣಿ, ಹೆಚ್ಚಿನವು ಎರಡೆರಡು ಸಲ. ಕಲ್ಕತ್ತಾದಲ್ಲಿ ಹುಟ್ಟಿದ ಬಿಕ್ರಮ್ ಚೌಧರಿ ಅಮೆರಿಕದಲ್ಲಿ ಫೇಮಸ್ ಮಾಡಿದ್ದು ಇದು. ಆತನ ಮೇಲೆ ಲೈಂಗಿಕ ಕಿರುಕುಳದ ಕೇಸುಗಳು ಬಿದ್ಮೇಲೆ ತುಂಬಾ ಸ್ಟುಡಿಯೋಗಳು ಬೋರ್ಡಿಂದ ಹೆಸರು ತೆಗೆದು, ಉಸಿರಾಟದ ಎರಡನ್ನ ಬೇರೆಯಾಗಿ ಹೇಳೋ '26 ಆಂಡ್ 2' ಅಂತ ಹಾಕ್ಕೊಂಡ್ವು, ಆಸನದ ಸರಣಿಗೆ ಕಾಪಿರೈಟ್ ಇಲ್ಲ ಅಂತ 2015ರಲ್ಲಿ ಅಲ್ಲಿನ ಅಪೀಲ್ ಕೋರ್ಟೇ ಹೇಳಿದ್ರಿಂದ ಯಾರು ಬೇಕಾದ್ರೂ ಹೇಳಿಕೊಡಬಹುದು. ಅವ್ವಂಗೆ ಫೋನಲ್ಲಿ ಇದನ್ನೆಲ್ಲಾ ವಿವರಿಸಿದ್ರೆ "ಅಲ್ಲವಾ, ರೊಕ್ಕ ಕೊಟ್ಟು ಬ್ಯಾಸಗಿ ಕೊಂಡ್ಕೊಳ್ಳಾಕತ್ತಿ ಏನು? ಮೇ ತಿಂಗಳಾಗ ಇಲ್ಲಿ ಬಾ, ಪುಕ್ಕಟೆ ಐತಿ" ಅಂದ್ಲು.

ಬೆವರಿನ ವಿಷ್ಯ ಮೊದ್ಲು. ನನ್ನ ಪಕ್ಕದ ಮ್ಯಾಟಲ್ಲಿ ತುಮಕೂರಿನ ಒಬ್ರು ಅಕ್ಕ ಇರ್ತಿದ್ರು, ಒಂದಿನ ಅವ್ರಿಗೆ ಹೇಳ್ದೆ, ಅಕ್ಕಾ ನಾನು ಎಷ್ಟು ಸಲ ಒರೆಸ್ಕೊತೀನಿ ಎಣಿಸಿ ಅಂತ. ನಿಂತು ಮಾಡೋ ಆಸನಗಳು ಮುಗಿಯೋಷ್ಟರಲ್ಲೇ ಮೂವತ್ತೊಂದು ಸಲ! ನಾನು ಐದಾರು ಇರಬಹುದು ಅಂದ್ಕೊಂಡಿದ್ದೆ. ಅವ್ರು ಎಣಿಸಿದ್ದಕ್ಕಿಂತ ಅವ್ರು ಹೇಳಿದ ಇನ್ನೊಂದು ಮಾತು ಕೆಲ್ಸಕ್ಕೆ ಬಂತು: "ನೀನು ಬೆವರು ಕಣ್ಣಿಗೆ ಇಳಿದಾಗ ಒರೆಸ್ಕೊಳಲ್ಲ ಕಣೇ, ಕಾಲು ಎತ್ತಿ ಹಿಡ್ಕೊಳ್ಳಿ ಅಂತ ಟೀಚರ್ ಹೇಳೋಕೆ ಒಂದು ಸೆಕೆಂಡ್ ಮುಂಚೆ ಒರೆಸ್ಕೊತೀಯ." ದಂಡಾಯಮಾನ ಜಾನುಶೀರ್ಷಾಸನ ಬರುತ್ತಲ್ಲ, ಒಂದು ಕಾಲ ಮೇಲೆ ನಿಂತು ಇನ್ನೊಂದು ಪಾದನ ಹಿಡಿದು ಮುಂದಕ್ಕೆ ಚಾಚೋದು, ಅದಕ್ಕೆ ನನ್ನ ಜೀವ ಹೆದರ್ತಿತ್ತು, ಕೈ ತಾನಾಗೇ ಟವೆಲ್ ಹುಡುಕ್ತಿತ್ತು, ಟವೆಲ್ ಆದ್ಮೇಲೆ ಟೀಶರ್ಟ್ ಎಳ್ಕೊಳ್ಳೋದು, ಆಮೇಲೆ ಜುಟ್ಟು ಸರಿ ಮಾಡ್ಕೊಳ್ಳೋದು, ಅಷ್ಟೊತ್ತಿಗೆ ಮೊದಲನೇ ಸೆಟ್ ಅರ್ಧ ಮುಗಿದೇ ಹೋಗಿರೋದು. ಅಂದ್ರೆ ಅದು ಬೆವರಿನ ಸಮಸ್ಯೆ ಅಲ್ವೇ ಅಲ್ಲ, ಕಳ್ಳಾಟ.

ಅದಕ್ಕೇ ಹೇಳೋದು, ಟವೆಲ್ ಮುಟ್ಟಲ್ಲ ಅಂತ ಶಪಥ ಮಾಡ್ಬೇಡಿ, ನಾನು ಮಾಡಿ ಎರಡೇ ಕ್ಲಾಸಲ್ಲಿ ಮುರಿದೆ. ಯಾವ ಆಸನದ ಮುಂಚೆ ಕೈ ಓಡುತ್ತೆ ಅಂತ ನೋಡ್ಕೊಳ್ಳಿ, ಆ ಆಸನನ ಸುಲಭ ಮಾಡ್ಕೊಳ್ಳಿ. ನಾನು ಒಂದೂವರೆ ತಿಂಗಳು ಕಾಲು ಚಾಚ್ಲೇ ಇಲ್ಲ, ಪಾದ ಹಿಡ್ಕೊಂಡು ಸುಮ್ನೆ ನಿಂತೆ ಅಷ್ಟೇ. ಟೀಚರ್ ಮೈಕಲ್ಲಿ ಚಾಚಿ ಚಾಚಿ ಅಂತ ಕೂಗ್ತಾನೇ ಇದ್ರು, ಕೂಗ್ಲಿ ಬಿಡಿ. ಕೈ ಟವೆಲ್ ಕಡೆ ಹೋದಾಗ ಒಂದು ಸಲ ಪೂರ್ತಿ ಉಸಿರು ಬಿಡೋದು, ಆಮೇಲೂ ಒರೆಸ್ಕೊಬೇಕು ಅನ್ಸಿದ್ರೆ ಒರೆಸ್ಕೊಳ್ಳೋದು ಅಂತ ಇಟ್ಕೊಂಡೆ. ಹೆದರಿಕೆ ಹೋಯ್ತು, ಕೈಯೂ ಸುಮ್ನಾಯ್ತು. ಹಾಗೇ ಬೆವರು ಮೈಮೇಲೆ ಆರಿದ್ರೆ ತಾನೇ ತಂಪಾಗೋದು, ಒರೆಸಿದ್ರೆ ದೇಹ ಮತ್ತೆ ಸುರಿಸ್ಬೇಕು, ಹಾಗಾಗಿ ಒರೆಸೋದ್ರಿಂದ ಲಾಭನೂ ಇಲ್ಲ. ಹಾಗಂತ ತೊಟ್ಟಿಕ್ಕಿ ಮ್ಯಾಟ್ ಮೇಲೆ ಬಿದ್ದಿದ್ದೂ ತಂಪು ಮಾಡಲ್ಲ, ಅದೂ ದಂಡವೇ. ನಮ್ಮ ಟೀಚರ್ ಒಬ್ರು ಹಠಯೋಗ ಪ್ರದೀಪಿಕೆ ಅನ್ನೋ ಹಳೇ ಯೋಗ ಗ್ರಂಥದಲ್ಲಿ ಬೆವರನ್ನ ಮೈಗೇ ತಿಕ್ಕಿ ಅಂತ ಇದೆ ಅಂತಿದ್ರು, ಇದೆ ನಿಜ, ಎರಡನೇ ಅಧ್ಯಾಯದಲ್ಲಿ, ಆದ್ರೆ ಅಲ್ಲಿರೋದು 'ಜಲೇನ ಶ್ರಮಜಾತೇನ', ಪ್ರಾಣಾಯಾಮದ ಶ್ರಮದಿಂದ ಹುಟ್ಟಿದ ನೀರು. ಹೀಟರ್‌ಜಾತ ಅಂತ ಎಲ್ಲೂ ಇಲ್ಲ!

ನೀರು ಸುಲಭ. ಗರುಡಾಸನ ಆದ್ಮೇಲೆ ಕುಡಿಯೋಕೆ ಬಿಡ್ತಾರಲ್ಲ, ಅಲ್ಲಿಯವರೆಗೂ ಬಾಟಲಿ ಹಿಂದಿನ ಗೋಡೆ ಹತ್ರ ಇರ್ಲಿ, ಆಮೇಲೂ ಎರಡು ಗುಟುಕು ಸಾಕು. ಹೊಟ್ಟೆ ತುಂಬ ಕುಡಿದು ಬೋರಲು ಮಲಗಿ ಧನುರಾಸನ ಮಾಡಿ ನೋಡಿ, ಒಳಗೆ ಕೊಡ ತುಳುಕಿದಂಗಾಗುತ್ತೆ. ಕ್ಲಾಸಿಗೆ ಮುಂಚೆ ದಿನಪೂರ್ತಿ ಸ್ವಲ್ಪ ಸ್ವಲ್ಪ ಕುಡೀರಿ, ಮುಗಿದ್ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬೆವರಲ್ಲಿ ಉಪ್ಪು ಹೋಗಿರುತ್ತೆ, ಬರೀ ನೀರನ್ನ ಲೀಟರ್‌ಗಟ್ಟಲೆ ಸುರ್ಕೊಂಡ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಅದು ತಮಾಷೆ ಅಲ್ಲ. ತಲೆ ಸುತ್ತು, ವಾಕರಿಕೆ, ಮೈ ಚಳಿ ಬಂದಂಗಾದ್ರೆ ಮಾತ್ರ ಎದ್ದು ಹೊರಗೆ ಹೋಗಿ ತಂಪಲ್ಲಿ ಕೂತು ನೀರು ಕುಡೀರಿ. ಏನೇ ಆದ್ರೂ ರೂಮ್ ಬಿಡಬಾರ್ದು ಅನ್ನೋ ಟೀಚರ್‌ಗಳಿದಾರೆ, ಅವ್ರ ಮಾತು ಕೇಳ್ಬೇಡಿ. ಬಿಪಿ, ಹಾರ್ಟ್ ತೊಂದ್ರೆ ಇರೋರು, ಬಸುರಿಯರು ಡಾಕ್ಟ್ರನ್ನ ಕೇಳದೆ ಆ ರೂಮಿಗೆ ಹೋಗ್ಲೇಬಾರ್ದು.

ಪಕ್ಕದವ್ರನ್ನ ನೋಡೋದು? ಹಿಂದಿನ ಸಾಲಿಂದ ಮುಂದಿನ ಸಾಲಿಗೆ ಹೋಗಿ, ಕನ್ನಡೀಲಿ ಎದುರಿಗೆ ನಿಮ್ಮ ಮುಖವೇ ದೊಡ್ಡದಾಗಿ ಕಾಣುತ್ತೆ. ಮುಗೀತು.

ಈಗ ಆ ನಾಲ್ಕನೇದು. ಸೇರಿ ಹತ್ತು ತಿಂಗಳಿಗೆ ನನ್ನ ಅಂಗೈ ನೆಲಕ್ಕೆ ಪೂರ್ತಿ ತಾಕ್ತಿತ್ತು, ಹಣೆ ಮೊಣಕಾಲಿಗೆ ಮುಟ್ತಿತ್ತು, ಜಂಬ ಬಂದಿತ್ತು. ಮೊಣಕಾಲಿನ ಹಿಂದೆ ಸಣ್ಣಗೆ ನೋವು ಎರಡು ತಿಂಗಳಿಂದ ಇತ್ತು, ಬೆಳೆಯೋ ನೋವು ಅಂದ್ಕೊಂಡು ಸುಮ್ನಿದ್ದೆ. ಡಿಸೆಂಬರಲ್ಲಿ ಊರಿಗೆ ಹೋದಾಗ ಬೆಳಿಗ್ಗೆ ಆರೂವರೆಗೆ ಮಾಳಿಗೆ ಮೇಲೆ ಅದೇ ಸರಣಿ ಶುರು ಮಾಡಿದೆ. ರಾಯಚೂರಾದ್ರೂ ಆ ಹೊತ್ತಿಗೆ ಚಳಿನೇ. ಅಂಗೈ ನೆಲಕ್ಕೆ ಮುಟ್ಲೇ ಇಲ್ಲ, ಹಣೆಗೂ ಮೊಣಕಾಲಿಗೂ ಒಂದು ಗೇಣು ದೂರ. ಹತ್ತು ತಿಂಗಳು ನಾನು ಕಲ್ತಿದ್ದು ಅಂತ ಅಂದ್ಕೊಂಡಿದ್ದು ಅರ್ಧಕ್ಕರ್ಧ ಹೀಟರ್‌ದು. ಅದೇ ಹೊತ್ತಿಗೆ ಅವ್ವ ಚಾ ತಗೊಂಡು ಮೇಲೆ ಬಂದ್ಲು, ಪಕ್ಕದಲ್ಲಿ ನಿಂತು ನೋಡಿ "ನಿನ್ನ ಕಾಲ್ ಯಾಕ ಹಿಂದಕ್ಕ ಬಾಗ್ಯಾವ, ಬಿಲ್ಲಿನಂಗ?" ಅಂದ್ಲು. ಕನ್ನಡಿ ಎದುರಿಗಿರುತ್ತೆ ಅಲ್ವಾ, ಎದುರಿಂದ ಇದು ಯಾವತ್ತೂ ಕಾಣಲ್ಲ.

ಕ್ಲಾಸಲ್ಲಿ 'ಲಾಕ್ ದ ನೀ' ಅಂತ ನೂರು ಸಲ ಹೇಳ್ತಾರೆ. ಅದರ ಅರ್ಥ ತೊಡೆ ಮುಂದಿನ ಸ್ನಾಯು ಬಿಗಿ ಮಾಡಿ ಮೊಣಕಾಲ ಚಿಪ್ಪು ಮೇಲೆಳ್ಕೊಳ್ಳಿ ಅಂತ, ನಾನು ಮಾಡ್ತಿದ್ದದ್ದು ಕೀಲನ್ನ ಹಿಂದಕ್ಕೆ ತಳ್ಳಿ ಅದರ ಮೇಲೆ ಜೋತು ಬೀಳೋದು. ಸ್ನಾಯು ಕೆಲ್ಸ ಮಾಡ್ತಿರ್ಲಿಲ್ಲ, ಕೀಲಿನ ಹಿಂದಿನ ಕಟ್ಟುಗಳು (ಲಿಗಮೆಂಟ್) ನನ್ನ ಭಾರ ಹೊರ್ತಿದ್ವು. ಬಿಸೀಲಿ ಎಲ್ಲಾ ಸಡಿಲ ಅನ್ಸುತ್ತೆ, ಎಲ್ಲಿ ನಿಲ್ಲಿಸ್ಬೇಕು ಅಂತ ಮೈ ಹೇಳೋದು ಕೇಳ್ಸೋದೇ ಇಲ್ಲ. ಬೆಂಗಳೂರಲ್ಲಿ ಒಬ್ಬ ಫಿಸಿಯೋಗೆ ತೋರಿಸಿದ್ರೆ ಅವ್ರೂ ಅವ್ವ ಹೇಳಿದ್ದನ್ನೇ ಫೀಸ್ ತಗೊಂಡು ಹೇಳಿದ್ರು.

ವಾಪಸ್ ಬಂದ್ಮೇಲೆ ವಾರಕ್ಕೆ ಎರಡು ದಿನ ಬಿಸಿ ರೂಮು, ಎರಡು ದಿನ ಮನೇಲಿ ಹೀಟರ್ ಇಲ್ದೆ ಅದೇ ಸರಣಿ ಅಂತ ಮಾಡ್ಕೊಂಡೆ. ಮನೇಲಿ ಎಲ್ಲಿವರೆಗೂ ಹೋಗತ್ತೋ ರೂಮಲ್ಲೂ ಅಲ್ಲಿಗೇ ನಿಲ್ಲಿಸ್ತೀನಿ, ಇದೇ ಕಷ್ಟ, ಯಾಕಂದ್ರೆ ರೂಮಲ್ಲಿ ಇನ್ನೂ ನಾಲ್ಕು ಇಂಚು ಬಿಟ್ಟಿಯಾಗಿ ಸಿಗ್ತಿರುತ್ತೆ. ನಿಂತಾಗ ಭಾರ ಹಿಮ್ಮಡಿಗೆ ಬೀಳದೆ ಪಾದದ ಮಧ್ಯಕ್ಕೆ, ಮೊಣಕಾಲು ಕೂದಲೆಳೆಯಷ್ಟು ಮುಂದೆ, ಆಮೇಲೆ ತೊಡೆ ಬಿಗಿ. ಮೊದಮೊದ್ಲು ಕಾಲು ಮಡಚಿದೀನಿ ಅಂತಲೇ ಅನ್ಸೋದು, ಅಷ್ಟು ಸೊಟ್ಟಕ್ಕೆ ಒಗ್ಗಿ ಹೋಗಿತ್ತು. ನೋವು ಹೋಗೋಕೆ ಮೂರು ತಿಂಗಳು ಹಿಡೀತು. ಬಿಸಿ ಬಿಟ್ರೆ ಲಾಭವೇ ಹೋಗುತ್ತೆ ಅನ್ನೋ ಭಯ ನಂಗೂ ಇತ್ತು, ಆದ್ರೆ ಟೆಕ್ಸಸ್‌ನಲ್ಲಿ ಇದೇ ಸರಣಿನ 12 ವಾರ ಒಂದು ಗುಂಪಿಗೆ 40.5 ಡಿಗ್ರಿಲಿ, ಇನ್ನೊಂದಕ್ಕೆ 23 ಡಿಗ್ರಿಲಿ ಮಾಡ್ಸಿ ನೋಡಿದಾರೆ, 2018ರಲ್ಲಿ ಬಂದಿದ್ದು, ರಕ್ತನಾಳಗಳು ಹಿಗ್ಗೋ ಶಕ್ತಿ ಸುಧಾರಿಸೋದಕ್ಕೆ ಬಿಸಿಯಿಂದ ಹೆಚ್ಚೇನೂ ಲಾಭ ಕಾಣ್ಲಿಲ್ಲ. ನಮ್ಮ ಮೈಸೂರಿನ ಅಷ್ಟಾಂಗ ಯೋಗದವ್ರು ಸೂರ್ಯನಮಸ್ಕಾರ, ಉಸಿರಿಂದಲೇ ಮೈ ಬಿಸಿ ಮಾಡ್ಕೊಂಡು ಬೆವರು ಸುರಿಸ್ತಾರಲ್ಲ, ಯಾವ ಹೀಟರ್ ಇಟ್ಕೊಂಡಿದಾರೆ?

ಒರೆಸ್ಕೊಳ್ಳೋದು ಪೂರ್ತಿ ಹೋಗಿದೆಯಾ ಅಂದ್ರೆ ಇಲ್ಲ, ಮಂಡಿಯೂರಿ ಹಿಂದಕ್ಕೆ ಬಾಗೋ ಉಷ್ಟ್ರಾಸನಕ್ಕೆ ಮುಂಚೆ ಈಗ್ಲೂ ಕೈ ಹೋಗುತ್ತೆ, ಆ ತುಮಕೂರಿನ ಅಕ್ಕ ಪಕ್ಕದಿಂದ ಕೆಮ್ಮುತ್ತಾರೆ. ನೀವು ಒಂದು ಕೆಲ್ಸ ಮಾಡಿ, ಈ ವಾರ ಮನೇಲಿ ಒಂದು ಕಾಲ ಮೇಲೆ ನಿಂತು ಪಕ್ಕದಿಂದ ಯಾರ ಹತ್ರನಾದ್ರೂ ಫೋಟೋ ತೆಗೆಸಿ. ಮೊಣಕಾಲು ಹಿಂದಕ್ಕೆ ಬಾಗಿದ್ರೆ ಮೊದ್ಲು ಅದನ್ನ ಸರಿ ಮಾಡ್ಕೊಳ್ಳಿ, ಬಾಟಲಿ ಟವೆಲ್ ವಿಷ್ಯ ಆಮೇಲೆ ನೋಡೋಣ.